ಟಾಕ್ಸಿಕ್ ಶಾಕ್ ಸಿಂಡ್ರೋಮ್: ಕಾರಣ, ಲಕ್ಷಣ, ಚಿಕಿತ್ಸೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂದರೆ ಏನು? ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲವೇ?

ಕೆಲವು ಬ್ಯಾಕ್ಟೀರಿಯಾಗಳು ಸ್ರವಿಸುವ ವಿಷ ರಕ್ತಕ್ಕೆ ಸೇರಿದಾಗ ದೇಹದ ರೋಗನಿರೋಧಕ ವ್ಯವಸ್ಥೆ ಅಳತೆ ಮೀರಿ ಕೆರಳುತ್ತದೆ. ಆಗ ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿದು ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳು ಒಂದರ ಹಿಂದೊಂದು ಕೈಕೊಡತೊಡಗುತ್ತವೆ. ಈ ಸ್ಥಿತಿಗೆ ವೈದ್ಯರು ಇಟ್ಟಿರುವ ಹೆಸರು ಟಾಕ್ಸಿಕ್ ಶಾಕ್ ಸಿಂಡ್ರೋಮ್. ಇಲ್ಲಿ ‘ಶಾಕ್’ ಎಂದರೆ ಕರೆಂಟ್ ಹೊಡೆಯುವುದೂ ಅಲ್ಲ, ಮನಸ್ಸಿಗೆ ಆಗುವ ಆಘಾತವೂ ಅಲ್ಲ. ಅಂಗಾಂಗಗಳಿಗೆ ಬೇಕಾದಷ್ಟು ರಕ್ತ ಹರಿಯದೆ ಹೋಗುವುದೇ ವೈದ್ಯರ ಮಾತಿನಲ್ಲಿ ಶಾಕ್.

ಕನ್ನಡದಲ್ಲಿ ಇದಕ್ಕೆ ಅತಿ ಹತ್ತಿರದ ಮಾತು ‘ನಂಜು’. ಗಾಯ ನಂಜಾಯಿತು, ನಂಜು ಮೈಗೇರಿತು ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವಾಗ, ಒಂದು ಕಡೆ ಹುಟ್ಟಿದ ವಿಷ ಇಡೀ ದೇಹವನ್ನು ಕೆಡಿಸುತ್ತದೆ ಎಂಬ ಅರ್ಥವೇ ಅದರಲ್ಲಿರುತ್ತದೆ. ಆದರೆ ಎರಡು ವ್ಯತ್ಯಾಸಗಳನ್ನು ನೆನಪಿಡಬೇಕು. ನಂಜಾದ ಗಾಯವೆಂದರೆ ಕೆಂಪಗೆ ಊದಿ ಕೀವು ತುಂಬಿರಬೇಕೆಂದು ನಾವು ಭಾವಿಸುತ್ತೇವೆ. ಈ ಕಾಯಿಲೆಯಲ್ಲಿ ವಿಷ ಹುಟ್ಟಿದ ಜಾಗ ನೋಡಲು ಏನೂ ಆಗದಂತೆ ಇರಬಹುದು. ಎರಡನೆಯದಾಗಿ, ಬದನೆಕಾಯಿ ನಂಜು, ಅದು ಬಿಟ್ಟರೆ ಗಾಯ ಮಾಗುತ್ತದೆ ಎಂಬ ಪಥ್ಯದ ಲೆಕ್ಕ ಇಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ.

ಯಾವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ?

ಮುಖ್ಯವಾಗಿ ಎರಡು: ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಗುಂಪು ಎ ಸ್ಟ್ರೆಪ್ಟೊಕಾಕಸ್. ಎರಡೂ ನಮಗೆ ಅಪರಿಚಿತವಲ್ಲ. ಮೊದಲನೆಯದು ಸುಮಾರು ಕಾಲುಭಾಗದಷ್ಟು ಆರೋಗ್ಯವಂತರ ಮೂಗಿನೊಳಗೆ ಯಾವ ತೊಂದರೆಯನ್ನೂ ಕೊಡದೆ ಬದುಕಿರುತ್ತದೆ. ಕುರು ಏಳಿಸುವುದೂ ಇದೇ. ಎರಡನೆಯದು ಮಕ್ಕಳ ಗಂಟಲುನೋವಿಗೆ ಕಾರಣವಾಗುವ ರೋಗಾಣು. ಆದ್ದರಿಂದ ಬ್ಯಾಕ್ಟೀರಿಯಾ ಮೈಮೇಲೆ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಅದು ವಿಷ ತಯಾರಿಸಬಲ್ಲ ತಳಿಯಾಗಿರಬೇಕು, ವಿಷ ತಯಾರಾಗಲು ತಕ್ಕ ಜಾಗ ಸಿಗಬೇಕು, ಆ ವಿಷ ರಕ್ತಕ್ಕೆ ಸೇರಬೇಕು, ಜೊತೆಗೆ ಆ ವ್ಯಕ್ತಿಯ ರಕ್ತದಲ್ಲಿ ಅದನ್ನು ತಡೆಯುವ ಪ್ರತಿಕಾಯ ಇಲ್ಲದಿರಬೇಕು. ಈ ನಾಲ್ಕೂ ಒಟ್ಟಿಗೆ ಕೂಡಿಬರುವುದು ಅಪರೂಪ. ಕಾಯಿಲೆ ಅಪರೂಪವಾಗಿರುವುದಕ್ಕೂ ಅದೇ ಕಾರಣ.

ಇಷ್ಟು ಸಣ್ಣ ಪ್ರಮಾಣದ ವಿಷ ಇಡೀ ದೇಹವನ್ನು ಹೇಗೆ ಕೆಡವುತ್ತದೆ?

ಸಾಮಾನ್ಯ ಸೋಂಕಿನಲ್ಲಿ ಕಾವಲು ಕೋಶಗಳು ರೋಗಾಣುವಿನ ಒಂದು ತುಣುಕನ್ನು ಹಿಡಿದು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳ ಮುಂದೆ ಒಡ್ಡುತ್ತವೆ. ಆ ತುಣುಕಿನ ಗುರುತು ಬಲ್ಲ ಟಿ ಕೋಶಗಳು ಮಾತ್ರ, ಅಂದರೆ ಹತ್ತು ಸಾವಿರಕ್ಕೆ ಒಂದೋ ಅದಕ್ಕಿಂತಲೂ ಕಡಿಮೆಯೋ, ಎಚ್ಚೆತ್ತು ಕೆಲಸ ಶುರುಮಾಡುತ್ತವೆ. ಬೀಗಕ್ಕೆ ತಕ್ಕ ಕೀಲಿ ಇದ್ದವನು ಮಾತ್ರ ಬಾಗಿಲು ತೆರೆಯಬಲ್ಲ ಎಂಬಂಥ ವ್ಯವಸ್ಥೆ ಇದು. ಸೂಪರ್ ಆಂಟಿಜೆನ್ ಎಂದು ಕರೆಯುವ ಈ ವಿಷಗಳು ಬೀಗದ ಗೊಡವೆಗೇ ಹೋಗುವುದಿಲ್ಲ. ಕಾವಲು ಕೋಶವನ್ನೂ ಟಿ ಕೋಶವನ್ನೂ ಹೊರಮೈಯಿಂದಲೇ ಒಂದಕ್ಕೊಂದು ಬಿಗಿದುಬಿಡುತ್ತವೆ. ಪರಿಣಾಮವಾಗಿ ನೂರರಲ್ಲಿ 20 ಅಥವಾ ಅದಕ್ಕೂ ಹೆಚ್ಚು ಟಿ ಕೋಶಗಳು ಗೊತ್ತುಗುರಿಯಿಲ್ಲದೆ ಒಮ್ಮೆಲೇ ಕೆರಳಿ, ಸೈಟೊಕೈನ್ ಎಂಬ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಸುರಿಯುತ್ತವೆ.

ಜ್ವರ, ಮೈಕೈ ನೋವು, ದದ್ದು ಎಲ್ಲವೂ ಈ ರಾಸಾಯನಿಕಗಳ ಕೆಲಸ. ಆದರೆ ಪ್ರಾಣಕ್ಕೆ ಎರವಾಗುವುದು ಮುಂದಿನ ಹಂತ. ಕೂದಲಿಗಿಂತ ತೆಳುವಾದ ಲೋಮನಾಳಗಳ ಗೋಡೆ ಜಾಳಾಗಿ, ಹೊಸ ಮಣ್ಣಿನ ಹೂಜಿ ಬೆವರುವಂತೆ ರಕ್ತದ ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಿನುಗತೊಡಗುತ್ತದೆ. ರೋಗಿಯ ಮುಖ ಮತ್ತು ಕೈಕಾಲು ಊದಿಕೊಂಡಿರುತ್ತವೆ, ಆದರೆ ರಕ್ತನಾಳದೊಳಗೆ ಮಾತ್ರ ನೀರು ಸಾಲದೆ ಒತ್ತಡ ಬಿದ್ದಿರುತ್ತದೆ. ಒಂದು ಹನಿ ರಕ್ತವೂ ಹೊರಗೆ ಹರಿಯದೆ ಆಗುವ ಈ ನಷ್ಟವನ್ನು ತುಂಬಲು ಕೆಲವೊಮ್ಮೆ ದಿನಕ್ಕೆ 10 ಲೀಟರಿಗೂ ಮಿಗಿಲಾಗಿ ದ್ರವ ಕೊಡಬೇಕಾಗುತ್ತದೆ.

ಇದು ಟ್ಯಾಂಪನ್ನಿಂದ ಬರುವ ಕಾಯಿಲೆ ಎಂದೇ ಏಕೆ ಹೆಸರಾಯಿತು?

ಟ್ಯಾಂಪನ್ ಎಂದರೆ ಮುಟ್ಟಿನ ರಕ್ತವನ್ನು ಹೀರಲು ಯೋನಿಯೊಳಗೆ ಇರಿಸಿಕೊಳ್ಳುವ, ಹೊರಗೆಳೆಯಲು ದಾರವಿರುವ ಸಣ್ಣ ಸುರುಳಿ. ವಿಚಿತ್ರವೆಂದರೆ, ಈ ಹೆಸರು ಹುಟ್ಟಿದ್ದು ಟ್ಯಾಂಪನ್ ಬಳಸುವ ಮಹಿಳೆಯರಿಂದಲ್ಲ, ಮಕ್ಕಳಿಂದ. ಅಮೆರಿಕದ ಡೆನ್ವರ್ ನಗರದ ಮಕ್ಕಳ ವೈದ್ಯ ಜೇಮ್ಸ್ ಟಾಡ್ ಮತ್ತು ಸಂಗಡಿಗರು 1978ರಲ್ಲಿ 8ರಿಂದ 17 ವರ್ಷದೊಳಗಿನ ಏಳು ಮಕ್ಕಳ ಪ್ರಕರಣಗಳನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿ, ಸ್ಟ್ಯಾಫಿಲೊಕಾಕಸ್ಸಿನ ವಿಷವೇ ಕಾರಣವೆಂದು ಊಹಿಸಿ, ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂದು ಕರೆದರು. ಆ ವರದಿ ವೈದ್ಯರ ವಲಯದಾಚೆ ಸುದ್ದಿಯಾಗಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ವಿಸ್ಕಾನ್ಸಿನ್ ಮತ್ತು ಮಿನೆಸೋಟ ರಾಜ್ಯಗಳಲ್ಲಿ, ಆವರೆಗೆ ಗಟ್ಟಿಮುಟ್ಟಾಗಿದ್ದ ಹರೆಯದ ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲೇ ಇದೇ ಲಕ್ಷಣಗಳೊಂದಿಗೆ ಆಸ್ಪತ್ರೆ ಸೇರತೊಡಗಿದರು. 1980ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ವಾರಪತ್ರಿಕೆಯಲ್ಲಿ 55 ಪ್ರಕರಣಗಳನ್ನು ಪ್ರಕಟಿಸಿತು; ಅವರಲ್ಲಿ 52 ಮಂದಿ ಮಹಿಳೆಯರು. ಜೂನ್ ಹೊತ್ತಿಗೆ ಟ್ಯಾಂಪನ್ನಿನ ನಂಟು ಕಂಡಿತು. ಸೆಪ್ಟೆಂಬರಿನಲ್ಲಿ ‘ರಿಲೈ’ ಎಂಬ ಒಂದು ಬ್ರ್ಯಾಂಡ್ ಬಳಸಿದವರಲ್ಲಿ ಅಪಾಯ ಹೆಚ್ಚೆಂದು ಗೊತ್ತಾಯಿತು. ಅದರ ತಯಾರಕರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಅದೇ ತಿಂಗಳು ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಆ ಒಂದೇ ವರ್ಷ ಅಮೆರಿಕದಲ್ಲಿ ಮುಟ್ಟಿಗೆ ಸಂಬಂಧಿಸಿದ 813 ಪ್ರಕರಣಗಳು ವರದಿಯಾದವು, 38 ಮಂದಿ ತೀರಿಕೊಂಡರು.

ರಿಲೈ ಹತ್ತಿಯದಾಗಿರಲಿಲ್ಲ. ಪಾಲಿಯೆಸ್ಟರ್ ಫೋಮಿನ ಸಣ್ಣ ಸಣ್ಣ ಘನಗಳ ನಡುವೆ, ನೀರು ಕುಡಿದು ಜೆಲ್ಲಿಯಂತಾಗುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ತುಂಬಿದ ಚೀಲ ಅದು. ಒದ್ದೆಯಾದಾಗ ಲೋಟದ ಆಕಾರಕ್ಕೆ ಅರಳುತ್ತಿತ್ತು. ಬಹಳ ಹೊತ್ತು ಬದಲಿಸದೆ ಇರಬಹುದೆಂಬುದೇ ಅದರ ಹೆಚ್ಚುಗಾರಿಕೆಯಾಗಿತ್ತು. ಆದರೆ ಅದೊಂದೇ ಅಪರಾಧಿಯಲ್ಲ. ಹೀರುವ ಶಕ್ತಿ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬುದು ಎಲ್ಲ ಬ್ರ್ಯಾಂಡ್‌ಗಳಿಗೂ ಅನ್ವಯಿಸುತ್ತದೆಂದು ಮುಂದಿನ ಅಧ್ಯಯನಗಳು ತೋರಿಸಿದವು. 1990ರಲ್ಲಿ ಅಮೆರಿಕ ಸರ್ಕಾರ ಹೀರುವ ಶಕ್ತಿಯನ್ನು ಗ್ರಾಂ ಲೆಕ್ಕದಲ್ಲಿ ಅಳೆದು ಪೊಟ್ಟಣದ ಮೇಲೆ ನಮೂದಿಸುವುದನ್ನು ಕಡ್ಡಾಯಗೊಳಿಸಿತು: 6ರಿಂದ 9 ಗ್ರಾಂ ಹೀರುವುದು ‘ರೆಗ್ಯುಲರ್’, 9ರಿಂದ 12 ಗ್ರಾಂ ‘ಸೂಪರ್’. ಅದಕ್ಕೂ ಮೊದಲು ಒಂದು ಕಂಪನಿಯ ‘ರೆಗ್ಯುಲರ್’ ಇನ್ನೊಂದರ ‘ಸೂಪರ್’ಗಿಂತ ಹೆಚ್ಚು ಹೀರುತ್ತಿದ್ದರೂ ಕೊಳ್ಳುವವರಿಗೆ ಗೊತ್ತಾಗುವ ದಾರಿಯಿರಲಿಲ್ಲ.

ಹಾಗಾದರೆ ಟ್ಯಾಂಪನ್ನಿನಲ್ಲೇ ವಿಷ ಇರುತ್ತದೆಯೇ?

ಇಲ್ಲ. ಟ್ಯಾಂಪನ್ ಕೊಳೆಯಾಗಿರುತ್ತದೆ, ಅದರಿಂದ ರೋಗಾಣು ಒಳಸೇರುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ರೋಗಾಣು ಮೊದಲೇ ಯೋನಿಯಲ್ಲಿ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಆಮ್ಲಜನಕ ತೀರಾ ಕಡಿಮೆ, ಪರಿಸರ ಹುಳಿ. ಅಂಥ ಕಡೆ ವಿಷ ತಯಾರಾಗುವುದಿಲ್ಲ. ಮುಟ್ಟಿನ ರಕ್ತ ಆ ಹುಳಿಯನ್ನು ಸಪ್ಪೆ ಮಾಡುತ್ತದೆ. ಟ್ಯಾಂಪನ್ ತನ್ನ ಎಳೆಗಳ ನಡುವೆ ಗಾಳಿಯನ್ನು ಹೊತ್ತು ತರುತ್ತದೆ. ಗಾಳಿ, ರಕ್ತದ ಪ್ರೋಟೀನ್, ದೇಹದ ಬಿಸಿ, ಸಾಕಷ್ಟು ಸಮಯ ಎಲ್ಲವೂ ಸೇರಿದಾಗ ಟಿಎಸ್‌ಎಸ್‌ಟಿ-1 ಎಂಬ ವಿಷ ತಯಾರಾಗಿ ಯೋನಿಯ ಒಳಪೊರೆಯ ಮೂಲಕ ರಕ್ತಕ್ಕೆ ಇಳಿಯುತ್ತದೆ. ಮುಟ್ಟಿಗೆ ಸಂಬಂಧಿಸಿದ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಕಾಣುವುದು ಈ ಒಂದೇ ವಿಷ. ‘ಸಾವಯವ ಹತ್ತಿ’ ಎಂಬ ಚೀಟಿ ನೋಡಿ ಧೈರ್ಯ ತಾಳುವವರು ಇದನ್ನು ಗಮನಿಸಬೇಕು: ಹತ್ತಿಯ ಎಳೆಗಳ ನಡುವೆಯೂ ಗಾಳಿಯಿರುತ್ತದೆ.

ಬಳಸುವವರು ತಮಗೆ ಸಾಕಾಗುವಷ್ಟು ಮಾತ್ರ ಹೀರುವ, ಅತಿ ಕಡಿಮೆ ಶಕ್ತಿಯದನ್ನು ಆರಿಸಿಕೊಂಡು, 4ರಿಂದ 8 ಗಂಟೆಗೊಮ್ಮೆ ಬದಲಿಸಿ, ಸ್ರಾವ ಕಡಿಮೆಯಿರುವ ದಿನಗಳಲ್ಲಿ ಪ್ಯಾಡಿಗೆ ಹೊರಳುವುದು ಒಳ್ಳೆಯದು. ಮುಟ್ಟಿನ ಕೊನೆಯ ದಿನ ಹಾಕಿಕೊಂಡದ್ದನ್ನು ತೆಗೆಯಲು ಮರೆಯುವುದು ನಿಜಕ್ಕೂ ಆಗುವ ಸಂಗತಿ. ದಾರ ಒಳಕ್ಕೆ ಮಡಚಿಕೊಂಡು ಕೈಗೆ ಸಿಗದಿದ್ದರೆ ನಾಚಿಕೊಳ್ಳದೆ ಆಸ್ಪತ್ರೆಗೆ ಹೋಗಿ ತೆಗೆಸಿಕೊಳ್ಳಬೇಕು.

ಪ್ಯಾಡ್ ಅಥವಾ ಬಟ್ಟೆ ಬಳಸುವವರಿಗೆ ಅಪಾಯವಿದೆಯೇ?

ಎರಡೂ ದೇಹದ ಹೊರಗೇ ಇರುವುದರಿಂದ ಈ ಕಾಯಿಲೆಯ ಮಟ್ಟಿಗೆ ಅವುಗಳಿಂದ ಅಪಾಯವಿಲ್ಲವೆಂದೇ ಹೇಳಬಹುದು. ನೆರಳಿನಲ್ಲಿ ಬಚ್ಚಿಟ್ಟು ಒಣಗಿಸಿದ ಬಟ್ಟೆಯಿಂದ ಬರುವ ತುರಿಕೆ, ಸೋಂಕು ಬೇರೆಯೇ ವಿಷಯ. ಆದರೆ ಬಟ್ಟೆಯನ್ನಾಗಲಿ ಹತ್ತಿಯನ್ನಾಗಲಿ ಸುತ್ತಿ ಒಳಗೆ ಇರಿಸಿಕೊಳ್ಳುವ ರೂಢಿ ಇದ್ದರೆ, ಟ್ಯಾಂಪನ್ನಿಗೆ ಹೇಳಿದ ಮಾತುಗಳೆಲ್ಲ ಅದಕ್ಕೂ ಸಲ್ಲುತ್ತವೆ.

ಮುಟ್ಟಿನ ಕಪ್ ಸುರಕ್ಷಿತವೇ?

ಕರ್ನಾಟಕದಲ್ಲಿ ಈ ಪ್ರಶ್ನೆ ಟ್ಯಾಂಪನ್ನಿನ ಪ್ರಶ್ನೆಗಿಂತ ಮುಖ್ಯವಾದುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಟ್ಯಾಂಪನ್ ಬಳಸುವವರು ನೂರಕ್ಕೆ ಇಬ್ಬರೂ ಇಲ್ಲ. ಕಪ್ಪಿನ ಬಳಕೆಯಾದರೋ ನಮ್ಮಲ್ಲಿ ಸರ್ಕಾರದ ಯೋಜನೆಯ ಮೂಲಕವೇ ಹಬ್ಬುತ್ತಿದೆ. ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ‘ಶುಚಿ – ನನ್ನ ಮೈತ್ರಿ’ ಹೆಸರಿನಲ್ಲಿ ಕಪ್ ಹಂಚಲಾಗಿದೆ.

ಯೋನಿಯೊಳಗೆ ಇರಿಸಿಕೊಳ್ಳುವ ಸಿಲಿಕೋನಿನ ಕಪ್ ರಕ್ತವನ್ನು ಹೀರುವುದಿಲ್ಲ, ಹಿಡಿದಿಡುತ್ತದೆ ಅಷ್ಟೆ. ಹಾಗೆಂದು ಅಪಾಯ ಸೊನ್ನೆಯೇನಲ್ಲ: 2015ರಲ್ಲಿ ಕೆನಡಾದ 37 ವರ್ಷದ ಮಹಿಳೆಯೊಬ್ಬರ ಪ್ರಕರಣ ವರದಿಯಾಯಿತು. 2019ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪ್ರಕಟಿಸಿದ, 43 ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆ ಅದುವರೆಗಿನ ಐದು ಪ್ರಕರಣಗಳನ್ನು ಗುರುತಿಸಿ, ಒಟ್ಟಾರೆಯಾಗಿ ಕಪ್ ಸುರಕ್ಷಿತವೆಂದೇ ಹೇಳಿತು. ನನ್ನ ಅಭಿಪ್ರಾಯದಲ್ಲಿ ಕಪ್ ಹಂಚುವವರು ಈ ಐದು ಪ್ರಕರಣಗಳನ್ನು ಮುಚ್ಚಿಡುವ ಅಗತ್ಯವಿಲ್ಲ, ಅದನ್ನೇ ದೊಡ್ಡದು ಮಾಡಿ ಹುಡುಗಿಯರನ್ನು ಹೆದರಿಸುವ ಅಗತ್ಯವೂ ಇಲ್ಲ. ಹಾಕುವ ಮುನ್ನ ಮತ್ತು ತೆಗೆಯುವ ಮುನ್ನ ಕೈ ತೊಳೆಯುವುದು, ತಯಾರಕರು ಹೇಳಿದ ಅವಧಿ ಮೀರದಂತೆ ಖಾಲಿ ಮಾಡುವುದು, ಪ್ರತಿ ಮುಟ್ಟಿನ ನಂತರ ಕುದಿಯುವ ನೀರಿನಲ್ಲಿ ಮುಳುಗಿಸಿ ಕುದಿಸುವುದು, ಇಷ್ಟನ್ನು ಹೇಳಿಕೊಟ್ಟರೆ ಸಾಕು. ಕುದಿಸಲು ಪ್ರತ್ಯೇಕ ಪಾತ್ರೆ, ಯಾರ ಕಣ್ಣಿಗೂ ಬೀಳದ ಹತ್ತು ನಿಮಿಷ ಒಲೆಯ ಮುಂದೆ ಸಿಗುವುದು ಕೂಡುಕುಟುಂಬದ ಹುಡುಗಿಗೆ ಸುಲಭವಲ್ಲ ಎಂಬುದನ್ನೂ ಹೇಳಿಕೊಡುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಂಡಸರಿಗೆ, ಮಕ್ಕಳಿಗೆ ಬರುತ್ತದೆಯೇ?

ಖಂಡಿತ ಬರುತ್ತದೆ. ಟ್ಯಾಂಪನ್ನಿನ ವಸ್ತುಗಳು ಬದಲಾದ ಮೇಲೆ ಮುಟ್ಟಿನ ಪ್ರಕರಣಗಳು ಇಳಿದವು. ಈಗ ಸ್ಟ್ಯಾಫಿಲೊಕಾಕಸ್ಸಿನಿಂದ ಆಗುವ ಪ್ರಕರಣಗಳಲ್ಲಿ ದೊಡ್ಡ ಪಾಲು ಮುಟ್ಟಿಗೆ ಸಂಬಂಧವಿಲ್ಲದ್ದು. ಶಸ್ತ್ರಚಿಕಿತ್ಸೆಯ ಹೊಲಿಗೆಯಲ್ಲಿ, ಹೆರಿಗೆಯ ನಂತರ, ರಕ್ತ ನಿಲ್ಲಿಸಲು ಮೂಗಿನೊಳಗೆ ತುರುಕಿದ ಗಾಜ್ ಬಟ್ಟೆಯಲ್ಲಿ, ಫ್ಲೂ ಜ್ವರದ ಬೆನ್ನಿಗೇ ಬರುವ ನ್ಯುಮೋನಿಯಾದಲ್ಲಿ ವಿಷ ಹುಟ್ಟಬಹುದು.

ತಾಯಂದಿರು ವಿಶೇಷವಾಗಿ ತಿಳಿಯಬೇಕಾದುದು ಸುಟ್ಟ ಗಾಯದ ವಿಷಯ. ಚಹಾದ ಲೋಟ ಎಳೆದುಕೊಂಡು ಎದೆಯ ಮೇಲೆ ಅಂಗೈಯಗಲ ಸುಟ್ಟುಕೊಂಡ ಎರಡು ವರ್ಷದ ಮಗು. ಗಾಯ ಸಣ್ಣದು, ನೋಡಲು ಶುಭ್ರವಾಗಿಯೇ ಇದೆ. ಎರಡನೆಯ ಅಥವಾ ಮೂರನೆಯ ದಿನ ಇದ್ದಕ್ಕಿದ್ದಂತೆ ಮೈ ಕಾದು, ವಾಂತಿ ಭೇದಿಯಾಗಿ, ಮೈಮೇಲೆ ದದ್ದು ಎದ್ದು, ಮಗು ಮಂಕಾಗುತ್ತದೆ. ಗಾಯ ಚೆನ್ನಾಗಿದೆಯಲ್ಲ, ಇದು ಬೇರೆ ಜ್ವರ ಎಂದು ಹಿರಿಯರು ಅಂದುಕೊಳ್ಳುವುದು ಸಹಜ. ಸುಟ್ಟ ಗಾಯವಿರುವ ಮಗುವಿಗೆ ಹೀಗಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಸುಟ್ಟ ತಕ್ಷಣ ಸುಮಾರು 20 ನಿಮಿಷ ನಲ್ಲಿಯ ತಣ್ಣೀರು ಹರಿಸುವುದನ್ನು ಬಿಟ್ಟು ಟೂತ್‌ಪೇಸ್ಟು, ಶಾಯಿ, ಅರಿಸಿನ ಮೆತ್ತುವುದು ನಂಜಿಗೆ ತಡೆಯಲ್ಲ.

ಸ್ಟ್ರೆಪ್ಟೊಕಾಕಸ್ಸಿನಿಂದ ಬರುವುದು ಬೇರೆ ಕಾಯಿಲೆಯೇ?

ವಿಷದ ಕಾರ್ಯವಿಧಾನ ಒಂದೇ, ನಡೆ ಬೇರೆ. ಇದನ್ನು 1980ರ ದಶಕದ ಕೊನೆಯಲ್ಲಿ ಪ್ರತ್ಯೇಕವಾಗಿ ಗುರುತಿಸಲಾಯಿತು. ಇಲ್ಲಿ ರೋಗಾಣು ಒಂದು ಕಡೆ ಕೂತು ವಿಷ ಕಳಿಸುವುದಷ್ಟೇ ಅಲ್ಲ, ತಾನೇ ಮಾಂಸಖಂಡದೊಳಕ್ಕೆ, ರಕ್ತದೊಳಕ್ಕೆ ನುಗ್ಗುತ್ತದೆ. ಮುಟ್ಟಿನ ಪ್ರಕರಣಗಳಲ್ಲಿ ಈಗ ಸಾವು ನೂರಕ್ಕೆ 5ಕ್ಕಿಂತ ಕಡಿಮೆ. ಸ್ಟ್ರೆಪ್ಟೊಕಾಕಸ್ಸಿನ ಪ್ರಕರಣಗಳಲ್ಲಿ ಒಳ್ಳೆಯ ಚಿಕಿತ್ಸೆ ಸಿಕ್ಕರೂ ನೂರಕ್ಕೆ 30 ಅಥವಾ ಅದಕ್ಕೂ ಹೆಚ್ಚು. ಸಣ್ಣ ತರಚು ಗಾಯ, ಕೀಟ ಕಚ್ಚಿದ ಜಾಗ, ಮಗುವಿಗೆ ಅಮ್ಮ (ಚಿಕನ್‌ಪಾಕ್ಸ್) ಎದ್ದಾಗ ಕೆರೆದುಕೊಂಡ ಬೊಕ್ಕೆ, ಹೆರಿಗೆಯ ಗಾಯ ಇವೆಲ್ಲ ಅದರ ಹೆಬ್ಬಾಗಿಲುಗಳು. ಹಿಂದೆ ಬಾಣಂತಿ ನಂಜು ಎಂದು ಹೆಸರಾಗಿ ಎಷ್ಟೋ ತಾಯಂದಿರನ್ನು ಕೊಂಡೊಯ್ದ ಕಾಯಿಲೆಯ ಹಿಂದೆ ಇದ್ದುದೂ ಬಹುಮಟ್ಟಿಗೆ ಇದೇ ರೋಗಾಣು. ಹಲವರಲ್ಲಿ ಅದು ಎಲ್ಲಿಂದ ಒಳಬಂತೆಂಬುದೇ ಸಿಗುವುದಿಲ್ಲ.

ಇದರ ಮುಖ್ಯ ಸುಳಿವು ನೋವು. ಕಾಲಿನಲ್ಲೋ ತೋಳಿನಲ್ಲೋ ಹೊರಗೆ ಕಾಣುವುದಕ್ಕೂ ರೋಗಿ ನರಳುವುದಕ್ಕೂ ತಾಳೆಯೇ ಆಗದಷ್ಟು ನೋವಿರುತ್ತದೆ. ಉಳುಕಿರಬೇಕೆಂದು ಎಣ್ಣೆ ತಿಕ್ಕಿಸಿ, ನೋವಿನ ಮಾತ್ರೆ ನುಂಗಿ ಒಂದು ದಿನ ಕಳೆದರೆ ಆ ಒಂದು ದಿನವೇ ದುಬಾರಿಯಾಗುತ್ತದೆ. ಜಪಾನಿನಲ್ಲಿ 2023ರಲ್ಲಿ ಇಂಥ 941 ಪ್ರಕರಣಗಳು ವರದಿಯಾಗಿದ್ದವು; 2024ರಲ್ಲಿ ಜೂನ್ ಆರಂಭದ ಹೊತ್ತಿಗೇ ಆ ಸಂಖ್ಯೆಯನ್ನು ದಾಟಿ 977 ಆಯಿತು. ‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’ ಎಂದು ನಮ್ಮ ಟಿವಿ ವಾಹಿನಿಗಳು ಅಬ್ಬರಿಸಿದ್ದು ಇದನ್ನೇ.

ಲಕ್ಷಣಗಳನ್ನು ಮನೆಯಲ್ಲಿ ಹೇಗೆ ಗುರುತಿಸುವುದು?

ಮೊದಲ ಕೆಲವು ಗಂಟೆ ಫ್ಲೂ ಜ್ವರವೆಂದೇ ತೋರುತ್ತದೆ: ಚಳಿ, 38.9 ಡಿಗ್ರಿ ಸೆಲ್ಸಿಯಸ್, ಅಂದರೆ 102 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಜ್ವರ, ಮೈ ಕಡಿತ, ತಲೆನೋವು, ವಾಂತಿ, ನೀರಿನಂಥ ಭೇದಿ. ಆಮೇಲೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಮಾತು ಗೊಂದಲವಾಗುವುದು, ಮೂತ್ರ ಕಡಿಮೆಯಾಗುವುದು ಆರಂಭವಾಗುತ್ತದೆ. ಕೈಯ ಉಗುರನ್ನು ಒತ್ತಿ ಬಿಟ್ಟಾಗ ಬಿಳಿಚಿದ ಬಣ್ಣ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾಗದಿದ್ದರೆ ರಕ್ತದ ಹರಿವು ಸಾಲುತ್ತಿಲ್ಲ ಎಂದರ್ಥ.

ದದ್ದಿನ ಬಗ್ಗೆ ಒಂದು ಮಾತು. ಬಿಸಿಲಿಗೆ ಸುಟ್ಟಂಥ ಕೆಂಪು ದದ್ದು ಎಂದು ಪಾಶ್ಚಾತ್ಯ ಪುಸ್ತಕಗಳು ಬಣ್ಣಿಸುತ್ತವೆ. ಅದು ಬಿಳಿಯ ಮೈಬಣ್ಣವನ್ನು ನೋಡಿ ಬರೆದದ್ದು. ನಮ್ಮ ಕಪ್ಪು, ಎಣ್ಣೆಗೆಂಪು ಮೈಮೇಲೆ ಆ ಕೆಂಪು ಎದ್ದು ಕಾಣದೆ ಹೋಗಬಹುದು. ಅಂಗೈ, ಅಂಗಾಲು, ಕಣ್ಣಿನ ಬಿಳಿಭಾಗ, ನಾಲಿಗೆ, ತುಟಿಯ ಒಳಭಾಗ ರಕ್ತಗೆಂಪಾಗಿವೆಯೇ ಎಂದು ನೋಡುವುದು ಹೆಚ್ಚು ನಂಬಲರ್ಹ. ಉಗುರಿನ ಸುತ್ತ, ಅಂಗೈ, ಅಂಗಾಲುಗಳ ಚರ್ಮ ಪದರ ಪದರವಾಗಿ ಸುಲಿಯುವುದು ಇದರ ಹೆಸರಾಂತ ಗುರುತು. ಆದರೆ ಅದು ಬರುವುದು ಒಂದೆರಡು ವಾರದ ನಂತರ. ಅದಕ್ಕಾಗಿ ಕಾದು ಕೂರುವಂತಿಲ್ಲ.

ಡೆಂಗಿ, ಇಲಿಜ್ವರ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆಯೇ?

ಬಹಳಷ್ಟಿದೆ. ಜ್ವರ, ದದ್ದು, ಪ್ಲೇಟ್‌ಲೆಟ್ ಕುಸಿತ, ರಕ್ತದೊತ್ತಡದ ಇಳಿತ ಇವೆಲ್ಲ ಡೆಂಗಿಯಲ್ಲೂ ಉಂಟು. ಕಣ್ಣು ಕೆಂಪಾಗಿ, ಮೀನಖಂಡ ನೋಯುತ್ತ, ಮೂತ್ರಪಿಂಡ ಸೋಲುವುದು ಕರಾವಳಿ ಮಲೆನಾಡುಗಳ ಮಳೆಗಾಲದ ಇಲಿಜ್ವರಕ್ಕೂ ಸಲ್ಲುವ ವರ್ಣನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಧಿಕೃತ ವ್ಯಾಖ್ಯೆಯೂ ದಡಾರ, ಇಲಿಜ್ವರಗಳ ಪರೀಕ್ಷೆ ಮಾಡಿಸಿದ್ದರೆ ಅವು ಅಲ್ಲವೆಂದು ಖಚಿತವಾಗಿರಬೇಕು ಎನ್ನುತ್ತದೆ. ಈ ಕಾಯಿಲೆಯನ್ನು ಒಂದೇ ಏಟಿಗೆ ಹೇಳಿಬಿಡುವ ರಕ್ತಪರೀಕ್ಷೆ ಯಾವುದೂ ಇಲ್ಲ. ಸ್ಟ್ಯಾಫಿಲೊಕಾಕಸ್ಸಿನ ಪ್ರಕರಣಗಳಲ್ಲಿ ರಕ್ತವನ್ನು ಕಲ್ಚರ್ ಮಾಡಿದರೂ, ಅಂದರೆ ಅದರಲ್ಲಿರುವ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರೂ, ಬಹುತೇಕ ಏನೂ ಬೆಳೆಯುವುದಿಲ್ಲ, ಏಕೆಂದರೆ ರಕ್ತಕ್ಕೆ ಬಂದಿರುವುದು ವಿಷ, ರೋಗಾಣುವಲ್ಲ. ಹೀಗಾಗಿ ರೋಗಿ ಕೊಡುವ ವಿವರವೇ ವೈದ್ಯರಿಗೆ ದಾರಿ ತೋರಿಸಬೇಕು.

ಅನುಮಾನ ಬಂದರೆ ಏನು ಮಾಡಬೇಕು, ವೈದ್ಯರಿಗೆ ಏನು ಹೇಳಬೇಕು?

ಟ್ಯಾಂಪನ್ ಅಥವಾ ಕಪ್ ಒಳಗಿದ್ದರೆ ಮೊದಲು ತೆಗೆದುಹಾಕಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಹೋಗಬೇಕು. ಜ್ವರದ ಮಾತ್ರೆಗೆ ಬಗ್ಗುತ್ತದೆಯೇ ಎಂದು ರಾತ್ರಿ ಕಳೆಯಬಾರದು.

ಅಲ್ಲಿ ಹೇಳಬೇಕಾದ್ದನ್ನು ನಾಚಿಕೆ ನುಂಗಿಬಿಡುತ್ತದೆ. ಅಪ್ಪನೋ ಅಣ್ಣನೋ ಜೊತೆಗೆ ಬಂದಿರುವಾಗ, ಪುರುಷ ವೈದ್ಯರ ಎದುರು, ‘ನಾನು ಮುಟ್ಟಾಗಿದ್ದೇನೆ, ನಿನ್ನೆ ಬೆಳಿಗ್ಗೆ ಹಾಕಿಕೊಂಡ ಕಪ್ ಇನ್ನೂ ತೆಗೆದಿಲ್ಲ’ ಎಂದು ಬಾಯಿಬಿಡುವುದು ಹದಿನೇಳರ ಹುಡುಗಿಗೆ ಕಷ್ಟ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ನರ್ಸ್ ಕೈಗೆ ಕೊಡಿ. ಜೊತೆಗೆ ಬಂದವರು ಐದು ನಿಮಿಷ ಹೊರಗೆ ನಿಲ್ಲಿ. ಇತ್ತೀಚಿನ ಹೆರಿಗೆ, ಗರ್ಭಪಾತ, ಆಪರೇಷನ್, ಸುಟ್ಟ ಗಾಯ, ಕುರು, ಮೂಗಿನ ಪ್ಯಾಕಿಂಗ್ ಇವುಗಳನ್ನೂ ಕೇಳದಿದ್ದರೂ ಹೇಳಿ.

ಚಿಕಿತ್ಸೆ ಹೇಗಿರುತ್ತದೆ?

ವಿಷದ ಮೂಲವನ್ನು ಕೀಳುವುದು ಮೊದಲ ಕೆಲಸ: ಒಳಗಿರುವುದನ್ನು ತೆಗೆಯುವುದು, ಕೀವು ಬಸಿಯುವುದು, ಸತ್ತ ಅಂಗಾಂಶವಿದ್ದರೆ ಕತ್ತರಿಸುವುದು. ಗಾಯ ಚೆನ್ನಾಗಿ ಕಾಣುತ್ತದೆಂದು ಹೊಲಿಗೆ ಬಿಚ್ಚಲು ಹಿಂಜರಿಯುವುದು ತಪ್ಪು. ಜೊತೆಜೊತೆಗೇ ರಕ್ತನಾಳದ ಮೂಲಕ ದ್ರವ, ಒತ್ತಡ ಏರಿಸಲು ನಾರ್‌ಅಡ್ರಿನಲಿನ್, ಬೇಕಾದರೆ ವೆಂಟಿಲೇಟರ್ ಮತ್ತು ಡಯಾಲಿಸಿಸ್ ಕೊಡುತ್ತಾರೆ.

ಆಂಟಿಬಯಾಟಿಕ್‌ಗಳಲ್ಲಿ ಒಂದು ಸೂಕ್ಷ್ಮವಿದೆ. ಪೆನ್ಸಿಲಿನ್ ಜಾತಿಯ ಔಷಧಗಳು ರೋಗಾಣುವನ್ನು ಕೊಲ್ಲುತ್ತವೆ, ಆದರೆ ಅದುವರೆಗೆ ವಿಷದ ತಯಾರಿ ನಡೆದೇ ಇರುತ್ತದೆ. ಕ್ಲಿಂಡಾಮೈಸಿನ್ ರೋಗಾಣುವಿನೊಳಗೆ ಪ್ರೋಟೀನ್ ಕಟ್ಟುವ ಯಂತ್ರವನ್ನೇ ನಿಲ್ಲಿಸುತ್ತದೆ. ವಿಷವೂ ಒಂದು ಪ್ರೋಟೀನ್ ಆದ್ದರಿಂದ ಅದರ ತಯಾರಿ ನಿಂತುಹೋಗುತ್ತದೆ. ಆದ್ದರಿಂದ ಎರಡನ್ನೂ ಸೇರಿಸಿ ಕೊಡುತ್ತಾರೆ. ತೀರಾ ಬಿಗಡಾಯಿಸಿದಾಗ ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಕೊಡುವುದೂ ಉಂಟು.

ಹರೆಯದವರಿಗೇ ಏಕೆ ಹೆಚ್ಚು?

ವಯಸ್ಸಾಗುತ್ತ ನಾವು ಗೊತ್ತಿಲ್ಲದೆಯೇ ಈ ರೋಗಾಣುವಿನೊಡನೆ ಒಡನಾಡಿ ಟಿಎಸ್‌ಎಸ್‌ಟಿ-1ರ ವಿರುದ್ಧ ಪ್ರತಿಕಾಯ ಗಳಿಸಿಕೊಳ್ಳುತ್ತೇವೆ. ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಅದು ಇರುತ್ತದೆ. ಹದಿಹರೆಯದಲ್ಲಿ ಇನ್ನೂ ಗಳಿಸದವರು ಹೆಚ್ಚು. ಸ್ಟ್ರೆಪ್ಟೊಕಾಕಸ್ಸಿನದು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ವೃದ್ಧರಿಗೂ ಮಧುಮೇಹಿಗಳಿಗೂ ಅದು ಹೆಚ್ಚು ಅಪಾಯಕಾರಿ.

ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ?

ಕಾಯಿಲೆ ಅಂಟುವುದಿಲ್ಲ. ರೋಗಾಣು ಹರಡಬಹುದು. ಸ್ಟ್ರೆಪ್ಟೊಕಾಕಸ್ಸಿನ ರೋಗಿಯ ಮನೆಯವರಿಗೆ ಗಂಟಲುನೋವು, ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಒಮ್ಮೆ ಬಂದು ಗುಣವಾದರೆ ಮತ್ತೆ ಬರುವುದಿಲ್ಲವೇ?

ದಡಾರದ ಹಾಗೆ ಇದು ಒಮ್ಮೆ ಬಂದರೆ ಮುಗಿಯಿತು ಎನ್ನುವಂತಿಲ್ಲ. ಇದೇ ವಿಷ ರೋಗನಿರೋಧಕ ವ್ಯವಸ್ಥೆಯನ್ನು ಗೊಂದಲಕ್ಕೆ ನೂಕುವುದರಿಂದ, ಗುಣವಾದ ಎಷ್ಟೋ ಜನರಲ್ಲಿ ಪ್ರತಿಕಾಯ ಹುಟ್ಟುವುದೇ ಇಲ್ಲ. ಮುಂದಿನ ಮುಟ್ಟುಗಳಲ್ಲಿ ಮರುಕಳಿಸಿದ ಉದಾಹರಣೆಗಳಿವೆ. ಒಮ್ಮೆ ಬಂದವರು ಟ್ಯಾಂಪನ್, ಕಪ್ ಎರಡನ್ನೂ ಬಿಟ್ಟು ಪ್ಯಾಡ್ ಅಥವಾ ಬಟ್ಟೆಗೆ ಮರಳಬೇಕು, ಮುಂದೆ ಯಾವುದೇ ಆಪರೇಷನ್ ಅಥವಾ ಹೆರಿಗೆಗೆ ಸೇರುವಾಗ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಜೊತೆಗೆ ಒಯ್ಯಬೇಕು. ಮನೆಗೆ ಬಂದ ಎರಡು ಮೂರು ತಿಂಗಳಿಗೆ ತಲೆಗೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬರುವುದನ್ನು, ಉಗುರು ಕಳಚುವುದನ್ನು ಕಂಡು ಕೆಲವರು ಕಾಯಿಲೆ ಮತ್ತೆ ಬಂತೆಂದು ಗಾಬರಿಯಾಗುತ್ತಾರೆ; ಅದು ಕಳೆದುಹೋದ ಆಘಾತದ ತಡವಾದ ಗುರುತು, ಕೂದಲೂ ಉಗುರೂ ಮತ್ತೆ ಬೆಳೆಯುತ್ತವೆ.